ವಿಂಡೋಸ್ ಹೊಸದು, ಅಕ್ಷರ ಮಸುಕು: ಸ್ಕ್ರೀನ್ ರೆಸಲ್ಯೂಶನ್ ಸರಿಮಾಡಿಕೊಳ್ಳುವ ಬಗೆ

ಕಾರಟಗಿ ಹತ್ತಿರದ ಹಳ್ಳಿಯಲ್ಲಿ ಆನ್‌ಲೈನ್ ಸೆಂಟರ್ ನಡೆಸುವ ತಂಗಿಯೊಬ್ಬಳು ಈಚೆಗೆ ನನಗೆ ಫೋನ್ ಮಾಡಿದ್ದಳು. "ಅಣ್ಣಾ, ವಿಂಡೋಸ್ ಹೊಸದು ಹಾಕ್ಸೀನ್ರಿ. ಎಲ್ಲಾ ದಪ್ಪ ದಪ್ಪ ಕಾಣಾಕತ್ತೈತಿ. ಫಾರ್ಮ್ ತುಂಬಿದ್ರ ಕೆಳಗಿನ ಸಬ್‌ಮಿಟ್ ಬಟನ್ನೇ ಕಾಣವಲ್ದು."

ನಾನು ಗಂಗಾವತಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಫಾರ್ಮ್ಯಾಟ್ ಮಾಡಿಸಿದ ಮರುದಿನ ಬರುವ ಫೋನ್‌ಗಳಲ್ಲಿ ಬಹಳಷ್ಟು ಇದೇ ಮಾತು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಲ್ಲಿಂದ ಕೆಲವರು ವಿಂಡೋಸ್ 11 ಹಾಕಿಸುತ್ತಿದ್ದಾರೆ. ಮಷಿನ್ ಹಳೆಯದಾದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಹಾಕಿಕೊಳ್ಳುತ್ತಿದ್ದಾರೆ. ಎರಡರಲ್ಲೂ ಈ ತೊಂದರೆ ಬರುತ್ತದೆ.

ಆ ತಂಗಿಗೆ ಸಬ್‌ಮಿಟ್ ಬಟನ್ ಚಿಂತೆ. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಆಗಿದ್ದು ಅಕ್ಷರದ್ದು. ಪರದೆ ಮಸುಕಾದರೆ ಇಂಗ್ಲಿಷ್ ಹೇಗೋ ಓದಿಕೊಳ್ಳಬಹುದು. ಕನ್ನಡದಲ್ಲಿ ಹಾಗಲ್ಲ. ನಮ್ಮ ಒತ್ತಕ್ಷರ ಇರುವುದೇ ಸಣ್ಣದು. 'ಸಿದ್ದಪ್ಪ'ನಿಗೂ 'ಸಿದ್ಧಪ್ಪ'ನಿಗೂ ಇರುವ ವ್ಯತ್ಯಾಸ ಕೆಳಗಿನ ಒತ್ತಿನ ಹೊಟ್ಟೆಯಲ್ಲಿರುವ ಒಂದು ಸೀಳು, ಅಷ್ಟೇ. ಪಕ್ಕಪಕ್ಕದ ಚುಕ್ಕಿಗಳು ಒಂದರೊಳಗೊಂದು ಕಲೆಸಿಕೊಂಡರೆ ಆ ಸೀಳು ಮುಚ್ಚಿಹೋಗುತ್ತದೆ. ಆಧಾರ್‌ನಲ್ಲಿ ಒಂದು, ಅರ್ಜಿಯಲ್ಲಿ ಇನ್ನೊಂದು ಅಂತಾದರೆ ಹೆಸರು ತಿದ್ದಿಸಲು ಓಡಾಡುವವರು ಹೊಲದ ಕೆಲಸ ಬಿಟ್ಟು ಬಂದ ರೈತರು. ಹಾಗಾಗಿ "ಹೇಗೋ ಕಾಣಿಸ್ತದಲ್ಲ, ನಡೀತದೆ ಬಿಡಿ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇದು ಸರಿಹೋಗುವ ತೊಂದರೆ. ಬಹಳ ಸಲ ಅರ್ಧ ಗಂಟೆಯಲ್ಲಿ, ದುಡ್ಡಿಲ್ಲದೆ ಸರಿಹೋಗುತ್ತದೆ.

ಒಂದೇ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದಯವಿಟ್ಟು ಮತ್ತೆ ಫಾರ್ಮ್ಯಾಟ್ ಮಾಡಬೇಡಿ. ಕಂಪ್ಯೂಟರ್ ತನ್ನ ರೋಗವನ್ನು ಎರಡು ಸಾಲಿನಲ್ಲಿ ತಾನೇ ಬರೆದಿಟ್ಟಿರುತ್ತದೆ. ಅದನ್ನು ಓದಿ, ಆಮೇಲೆ ಕೈ ಹಾಕಿ.

ಇವತ್ತಿನ ಕೆಲಸ ನಿಲ್ಲಬಾರದು ಅಂದರೆ

ಅಂಗಡಿ ಮುಂದೆ ಜನ ನಿಂತಿರುತ್ತಾರೆ. ರಿಪೇರಿ ಸಂಜೆ ಮಾಡಿಕೊಳ್ಳೋಣ ಅಂದರೆ ಅಲ್ಲಿಯವರೆಗೆ ಹೀಗೆ ಮಾಡಿ.

ಬ್ರೌಸರ್‌ನಲ್ಲಿ ಕಂಟ್ರೋಲ್ ಕೀ ಹಿಡಿದು ಮೈನಸ್ ಒತ್ತಿ. ಎರಡು ಮೂರು ಸಲ ಒತ್ತಿದರೆ ಪುಟ ಚಿಕ್ಕದಾಗಿ ಕೆಳಗಿನ ಬಟನ್ ಕಾಣುತ್ತದೆ. ಕಂಟ್ರೋಲ್ ಜೊತೆ ಸೊನ್ನೆ ಒತ್ತಿದರೆ ಮೊದಲಿನ ಹಾಗೆ ಆಗುತ್ತದೆ. ಬೇರೆ ಯಾವುದಾದರೂ ಸಾಫ್ಟ್‌ವೇರ್‌ನ ಓಕೆ ಬಟನ್ ಪರದೆಯ ಕೆಳಗೆ ಹೋಗಿ ಕೂತಿದ್ದರೆ ಆಲ್ಟ್ ಹಿಡಿದು ಸ್ಪೇಸ್ ಬಾರ್ ಒತ್ತಿ. ಸಣ್ಣ ಮೆನು ಬರುತ್ತದೆ. ಅದರಲ್ಲಿ ಮೂವ್ ಆರಿಸಿ, ಮೇಲಿನ ಬಾಣದ ಕೀ ಒತ್ತುತ್ತಾ ಹೋಗಿ. ಇಡೀ ವಿಂಡೋ ಮೇಲಕ್ಕೆ ಜರುಗಿ ಬಟನ್ ಸಿಗುತ್ತದೆ.

ಹೆಸರುಗಳನ್ನು ಟೈಪ್ ಮಾಡುವಾಗ ಮಾತ್ರ ಪುಟವನ್ನು 150ಕ್ಕೆ ಹಿಗ್ಗಿಸಿ ಒತ್ತಕ್ಷರ ನೋಡಿಕೊಳ್ಳಿ.

ರೆಸಲ್ಯೂಶನ್ ಅಂದರೆ ಎಣಿಕೆ

ಪ್ರತಿ ಮಾನಿಟರ್‌ನಲ್ಲೂ ಎಣಿಸಿಟ್ಟಷ್ಟು ಚುಕ್ಕಿಗಳಿವೆ. ಅಡ್ಡ ಇಷ್ಟು, ಉದ್ದ ಇಷ್ಟು. ಆ ಲೆಕ್ಕ ಕಾರ್ಖಾನೆಯಲ್ಲೇ ಮುಗಿದಿದೆ, ಯಾವ ಸೆಟ್ಟಿಂಗ್‌ನಿಂದಲೂ ಬದಲಾಗುವುದಿಲ್ಲ. ಕಂಪ್ಯೂಟರ್ ಅಷ್ಟೇ ಚುಕ್ಕಿಗಳ ಚಿತ್ರ ಕಳಿಸಿದರೆ ಅಕ್ಷರ ಕೊರೆದ ಹಾಗೆ ಕಾಣುತ್ತದೆ. ಕಡಿಮೆ ಕಳಿಸಿದರೆ ಮಾನಿಟರ್ ಅದನ್ನೇ ಎಳೆದು ಹರಡುತ್ತದೆ.

ನಮ್ಮ ಕಡೆ ಅಂಗಡಿಗಳಲ್ಲಿ ಜಾಸ್ತಿ ಇರುವ 18.5 ಇಂಚಿನ ಮಾನಿಟರ್ ತಗೊಳ್ಳಿ. ಅದರಲ್ಲಿ ಸಾಮಾನ್ಯವಾಗಿ 1366×768 ಚುಕ್ಕಿ. ಹೊಸ ಓಎಸ್ (ವಿಂಡೋಸ್, ಲಿನಕ್ಸ್‌ನಂಥ ಮೂಲ ಸಾಫ್ಟ್‌ವೇರ್) ಹಾಕಿದಾಗ ಬಹಳ ಸಲ 1024×768ರಲ್ಲಿ ನಿಂತಿರುತ್ತದೆ. ಉದ್ದದ ಲೆಕ್ಕ ಸರಿಯೇ ಇದೆ, 768. ಅಡ್ಡದಲ್ಲಿ ಮಾತ್ರ 1024 ಚುಕ್ಕಿಯನ್ನು 1366 ಚುಕ್ಕಿಯ ಜಾಗಕ್ಕೆ ಹರಡಬೇಕು. ಅಂದರೆ ಮೂರು ಚುಕ್ಕಿಯ ಬಣ್ಣವನ್ನು ನಾಲ್ಕಕ್ಕೆ ಹಂಚಬೇಕು. ಹಂಚುವಾಗ ಅಂಚುಗಳು ಕಲೆಸುತ್ತವೆ. ಒತ್ತಕ್ಷರದ ಸೀಳು ಮುಚ್ಚುವುದು ಇಲ್ಲೇ.

ನಮ್ಮ ಊರಿನಲ್ಲಿ ಪಾಸ್‌ಪೋರ್ಟ್ ಫೋಟೊ ತೆಗೆಯುವ ಕಾಕಾ ಒಬ್ಬರಿದ್ದಾರೆ. ಓಎಸ್ ಬದಲಿಸಿದ ಮೇಲೆ ಅವರ ಪರದೆಯಲ್ಲಿ ಎಲ್ಲರ ಮುಖ ಅಗಲವಾಗಿ ಕಂಡಿತು. ಕ್ಯಾಮೆರಾದ್ದೇ ತಪ್ಪಿರಬೇಕು ಅಂತ ಫೋಟೊವನ್ನು ಅಡ್ಡಕ್ಕೆ ಒತ್ತಿ, ಕಣ್ಣಿಗೆ ಸರಿ ಕಾಣುವವರೆಗೆ ಸಣ್ಣ ಮಾಡಿದರು. ಪ್ರಿಂಟ್ ತೆಗೆದರೆ ಗಿರಾಕಿಯ ಕೆನ್ನೆ ಒಳಗೆ ಹೋಗಿ, ಮುಖ ಕಾಲು ಭಾಗ ಸಣ್ಣದಾಗಿತ್ತು. ಫೋಟೊ ಮೊದಲೇ ಸರಿಯಿತ್ತು, ಪರದೆ ಹಿಗ್ಗಿತ್ತು.

ನಿಮ್ಮದು ಹಿಗ್ಗಿದೆಯಾ ಅಂತ ನೋಡಲು ಪೇಂಟ್ ತೆರೆದು, ಶಿಫ್ಟ್ ಹಿಡಿದು ಒಂದು ವೃತ್ತ ಎಳೆಯಿರಿ. ಶಿಫ್ಟ್ ಹಿಡಿದರೆ ಕಂಪ್ಯೂಟರ್ ಲೆಕ್ಕದಲ್ಲಿ ಅದು ಪಕ್ಕಾ ದುಂಡಗೆ ಇರುತ್ತದೆ. ಪರದೆ ಮೇಲೆ ಸ್ಕೇಲ್ ಇಟ್ಟು ಅಳೆಯಿರಿ. ಅಡ್ಡ ಜಾಸ್ತಿ ಬಂದರೆ ರೆಸಲ್ಯೂಶನ್ ತಪ್ಪಿದೆ.

ಸರಿಯಾದ ಲೆಕ್ಕ ಯಾವುದು ಅಂತ ಗೊತ್ತಾಗಬೇಕಾದರೆ ಮಾನಿಟರ್ ಹಿಂದಿನ ಸ್ಟಿಕರ್‌ನಲ್ಲಿ ಮಾಡೆಲ್ ನಂಬರ್ ಇರುತ್ತದೆ. ಅದನ್ನು ಫೋನ್‌ನಲ್ಲಿ ಹುಡುಕಿ. ಅಂದಾಜಿಗೆ ಹೇಳುವುದಾದರೆ 19.5 ಅಥವಾ 20 ಇಂಚಿನದ್ದಕ್ಕೆ ಸಾಮಾನ್ಯವಾಗಿ 1600×900, 21.5 ಇಂಚು ಮತ್ತು ಮೇಲಿನದ್ದಕ್ಕೆ 1920×1080, ಹಳೇ 17 ಇಂಚಿನ ಚೌಕ ಮಾನಿಟರ್‌ಗೆ 1280×1024. ಸಿಕ್ಕ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದೆ ಬೇಕಾಗುತ್ತದೆ.

ಮೊದಲು ಸೆಟ್ಟಿಂಗ್ಸ್

ಡೆಸ್ಕ್‌ಟಾಪ್ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆಯಿರಿ. ಡಿಸ್‌ಪ್ಲೇ ರೆಸಲ್ಯೂಶನ್ ಅನ್ನುವ ಪಟ್ಟಿ ನೋಡಿ. ಚೀಟಿಯಲ್ಲಿ ಬರೆದ ನಂಬರ್ ಅಲ್ಲಿದ್ದರೆ, ಅದರ ಪಕ್ಕ ರೆಕಮೆಂಡೆಡ್ ಅಂತ ಇದ್ದರೆ, ಆರಿಸಿಕೊಂಡು ಕೀಪ್ ಚೇಂಜಸ್ ಒತ್ತಿ. ಕೆಲಸ ಮುಗಿಯಿತು.

ಇಲ್ಲೇ ಮೇಲ್ಗಡೆ ಸ್ಕೇಲ್ ಅಂತ ಇನ್ನೊಂದು ಪಟ್ಟಿ ಇದೆ. 100, 125, 150. ಅಕ್ಷರ ಸಣ್ಣದಾಗಿ ಕಂಡರೆ ಬದಲಿಸಬೇಕಾದದ್ದು ಇದನ್ನು. ವಯಸ್ಸಾದವರು ಕೂರುವ ಕಡೆ ಅಕ್ಷರ ದೊಡ್ಡದಿರಲಿ ಅಂತ ರೆಸಲ್ಯೂಶನ್ ಇಳಿಸಿ ಕೊಟ್ಟಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಬೇಡ. ರೆಸಲ್ಯೂಶನ್ ಪೂರ್ತಿ ಇಟ್ಟು ಸ್ಕೇಲ್ 125 ಮಾಡಿ. ಅಕ್ಷರ ದೊಡ್ಡದೂ ಆಗುತ್ತದೆ, ಚೊಕ್ಕವಾಗಿಯೂ ಇರುತ್ತದೆ.

ಸ್ಕೇಲ್ ಏರಿಸಿದಾಗ ಕೆಲವು ಹಳೇ ಸಾಫ್ಟ್‌ವೇರ್ ಮಾತ್ರ ಮಂಜು ಮಂಜಾಗಿ ಕಾಣಬಹುದು. ಆಗ ಆ ಸಾಫ್ಟ್‌ವೇರ್‌ನ ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್. ಅಲ್ಲಿ ಕೆಳಗಿನ ಓವರ್‌ರೈಡ್ ಬಾಕ್ಸ್‌ಗೆ ಟಿಕ್ ಹಾಕಿ ಸಿಸ್ಟಂ ಎನ್‌ಹ್ಯಾನ್ಸ್ಡ್ ಆರಿಸಿ ನೋಡಿ. ಸರಿಕಾಣದಿದ್ದರೆ ಅಪ್ಲಿಕೇಶನ್ ಆರಿಸಿ.

ಪಟ್ಟಿಯಲ್ಲಿ ನಿಮ್ಮ ನಂಬರೇ ಇಲ್ಲವೇ? ಅಥವಾ ಪಟ್ಟಿಯೇ ಬೂದು ಬಣ್ಣಕ್ಕೆ ತಿರುಗಿ ಕ್ಲಿಕ್ ಆಗುತ್ತಿಲ್ಲವೇ? ಹಾಗಾದರೆ ಮುಂದೆ ಓದಿ.

ಆ ಎರಡು ಸಾಲು

ವಿಂಡೋಸ್ ಕೀ ಹಿಡಿದು ಎಕ್ಸ್ ಒತ್ತಿ. ಬಂದ ಪಟ್ಟಿಯಲ್ಲಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಅದರಲ್ಲಿ ಎರಡೇ ಜಾಗ ನೋಡಬೇಕು.

ಒಂದು, ಡಿಸ್‌ಪ್ಲೇ ಅಡಾಪ್ಟರ್ಸ್. ಅದರ ಬಾಣ ಒತ್ತಿದಾಗ ಇಂಟೆಲ್, ಎಎಂಡಿ ಅಥವಾ ಎನ್ವಿಡಿಯಾ ಹೆಸರು ಬರಬೇಕು. ಅದರ ಬದಲು ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತ ಇದ್ದರೆ ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಗೆ ಚಿತ್ರ ಕಳಿಸುವ ಭಾಗವನ್ನು ನಡೆಸುವ ಸಾಫ್ಟ್‌ವೇರ್, ಬಂದಿಲ್ಲ ಎಂದರ್ಥ. ಪರದೆ ಪೂರ್ತಿ ಕತ್ತಲಾಗಬಾರದು ಅಂತ ವಿಂಡೋಸ್ ತನ್ನದೇ ಒಂದು ಸಾದಾ ಡ್ರೈವರ್‌ನಿಂದ ಸಂಭಾಳಿಸುತ್ತಿದೆ.

ಎರಡು, ಮಾನಿಟರ್ಸ್. ಅಲ್ಲಿ ಜೆನೆರಿಕ್ ಪಿಎನ್‌ಪಿ ಮಾನಿಟರ್ ಅಂತಲೋ ನಿಮ್ಮ ಮಾನಿಟರ್ ಕಂಪನಿಯ ಹೆಸರೋ ಇದ್ದರೆ ಒಳ್ಳೆಯದು. ಜೆನೆರಿಕ್ ನಾನ್-ಪಿಎನ್‌ಪಿ ಮಾನಿಟರ್ ಅಂತ ಇದ್ದರೆ ಮಾನಿಟರ್ ತಾನು ಯಾರು ಅಂತ ಹೇಳಿದ್ದು ಕಂಪ್ಯೂಟರ್‌ಗೆ ತಲುಪಿಲ್ಲ.

ಮೊದಲ ಸಾಲು ತಪ್ಪಿದ್ದರೆ ಡ್ರೈವರ್ ಹಾಕಿ. ಮೊದಲನೆಯದು ಸರಿಯಿದ್ದು ಎರಡನೆಯದು ತಪ್ಪಿದ್ದರೆ ಕೇಬಲ್ ನೋಡಿ. ಎರಡೂ ತಪ್ಪಿದ್ದರೆ ಮೊದಲು ಡ್ರೈವರ್, ಆಮೇಲೆ ಇನ್ನೊಮ್ಮೆ ಎರಡನೇ ಸಾಲು ಓದಿ. ಡ್ರೈವರ್ ಬಂದ ಮೇಲೆ ಅದು ತಾನೇ ಸರಿಯಾಗುವುದೂ ಉಂಟು.

ಡ್ರೈವರ್ ಹಾಕುವುದು

ಕಾರಟಗಿ ತಂಗಿಯ ಮಷಿನ್‌ನಲ್ಲಿ ಮೊದಲ ಸಾಲೇ ತಪ್ಪಿತ್ತು. ಆದರೆ ಅಲ್ಲಿ ಇನ್ನೊಂದು ತೊಡಕು. ಲ್ಯಾನ್ ಡ್ರೈವರ್ ಕೂಡ ಇಲ್ಲದ್ದರಿಂದ ಇಂಟರ್ನೆಟ್ ಬರುತ್ತಿರಲಿಲ್ಲ. ಇಂಟರ್ನೆಟ್ ಇಲ್ಲದೆ ಡ್ರೈವರ್ ಇಳಿಸುವುದು ಹೇಗೆ?

ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಿಂದ ಸಿಪಿಯುಗೆ ಸಿಕ್ಕಿಸಿ. ಫೋನ್ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಸ್ಪಾಟ್ ಇರುವ ಕಡೆಯೇ ಯುಎಸ್‌ಬಿ ಟೆದರಿಂಗ್ ಅಂತ ಇರುತ್ತದೆ. ಅದನ್ನು ಆನ್ ಮಾಡಿ. ಯಾವ ಡ್ರೈವರ್ ಕೇಳದೆ ಕಂಪ್ಯೂಟರ್‌ಗೆ ನೆಟ್ ಬರುತ್ತದೆ. ಕೇಬಲ್ ಮಾತ್ರ ಡೇಟಾ ಹೋಗುವಂಥದ್ದಾಗಿರಬೇಕು. ಬರೀ ಚಾರ್ಜ್ ಮಾಡುವ ಅಗ್ಗದ ಕೇಬಲ್‌ನಲ್ಲಿ ಟೆದರಿಂಗ್ ಬಟನ್ ಒತ್ತಲಿಕ್ಕೇ ಬರುವುದಿಲ್ಲ. ಡ್ರೈವರ್ ಫೈಲ್‌ಗಳು ದೊಡ್ಡವು, ಕೆಲವು 1 ಜಿಬಿ ತನಕ ಇರುತ್ತವೆ. ದಿನದ ಡೇಟಾ ಎಷ್ಟು ಉಳಿದಿದೆ ನೋಡಿಕೊಂಡು ಶುರು ಮಾಡಿ.

ಈಗ ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದು ಚೆಕ್ ಒತ್ತಿ. ಅದು ಮುಗಿದ ಮೇಲೆ ಅಡ್ವಾನ್ಸ್ಡ್ ಆಪ್ಶನ್ಸ್ ಒಳಗೆ ಆಪ್ಶನಲ್ ಅಪ್‌ಡೇಟ್ಸ್ ನೋಡಿ. ಅದರಲ್ಲಿ ಡ್ರೈವರ್ ಅಪ್‌ಡೇಟ್ಸ್ ಅಂತ ಒಂದು ಮಡಿಕೆ ಇರುತ್ತದೆ. ಬಹಳ ಜನ ಇಲ್ಲಿಯವರೆಗೆ ಬರುವುದೇ ಇಲ್ಲ. ಗ್ರಾಫಿಕ್ಸ್ ಡ್ರೈವರ್ ಎಷ್ಟೋ ಸಲ ಇಲ್ಲೇ ಕೂತಿರುತ್ತದೆ. ಟಿಕ್ ಹಾಕಿ ಇಳಿಸಿ. ಇಳಿಯುವಾಗ ಪರದೆ ಎರಡು ಮೂರು ಸಲ ಕಪ್ಪಾಗಿ ಬರುತ್ತದೆ, ಗಾಬರಿಯಾಗಬೇಡಿ. ಆ ಹೊತ್ತಿನಲ್ಲಿ ಕರೆಂಟ್ ಹೋದರೆ ಮಾತ್ರ ಕಷ್ಟ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ನಮ್ಮ ಕಡೆಯ ಮಧ್ಯಾಹ್ನದ ಹೊತ್ತಿನಲ್ಲಿ ಈ ಕೆಲಸಕ್ಕೆ ಕೂರಬೇಡಿ.

ಅಲ್ಲಿ ಸಿಗದಿದ್ದರೆ ಕಂಪನಿಯ ಸೈಟ್‌ಗೇ ಹೋಗಬೇಕು. ಲ್ಯಾಪ್‌ಟಾಪ್ ಆದರೆ ಅಡಿಯಲ್ಲಿ ಮಾಡೆಲ್ ನಂಬರ್ ಇರುತ್ತದೆ, ಆ ಕಂಪನಿಯ ಸಪೋರ್ಟ್ ಪುಟದಲ್ಲಿ ಅದನ್ನು ಹಾಕಿ. ಅಸೆಂಬಲ್ಡ್ ಸಿಪಿಯು ಆದರೆ ಸ್ಟಾರ್ಟ್‌ನಲ್ಲಿ ಸಿಸ್ಟಂ ಇನ್ಫರ್ಮೇಶನ್ ಅಂತ ಹುಡುಕಿ ತೆರೆಯಿರಿ. ಬೇಸ್‌ಬೋರ್ಡ್ ಪ್ರಾಡಕ್ಟ್ ಅನ್ನುವ ಸಾಲಿನಲ್ಲಿ ಮದರ್‌ಬೋರ್ಡ್ ಹೆಸರಿದೆ. ಮೊದಲು ಚಿಪ್‌ಸೆಟ್ ಡ್ರೈವರ್, ಆಮೇಲೆ ಗ್ರಾಫಿಕ್ಸ್, ಆಮೇಲೆ ರೀಸ್ಟಾರ್ಟ್. ಎರಡು ಗ್ರಾಫಿಕ್ಸ್ ಇರುವ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್‌ನದ್ದು ಮೊದಲು ಹಾಕಿ, ಎನ್ವಿಡಿಯಾದ್ದು ನಂತರ.

ಗ್ರಾಫಿಕ್ಸ್ ಯಾವ ಕಂಪನಿಯದ್ದು ಅಂತಲೇ ಗೊತ್ತಾಗದಿದ್ದರೆ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಡೀಟೇಲ್ಸ್, ಹಾರ್ಡ್‌ವೇರ್ ಐಡೀಸ್ ನೋಡಿ. ಅಲ್ಲಿ ವಿಇಎನ್ ಅಕ್ಷರಗಳ ಮುಂದೆ 8086 ಇದ್ದರೆ ಇಂಟೆಲ್, 1002 ಇದ್ದರೆ ಎಎಂಡಿ, 10ಡಿಇ ಇದ್ದರೆ ಎನ್ವಿಡಿಯಾ. ಈ ಮೂರನ್ನು ನೆನಪಿಟ್ಟುಕೊಂಡರೆ ಸಿಪಿಯು ಬಿಚ್ಚದೆ ಹೇಳಬಹುದು.

"ಒಂದೇ ಕ್ಲಿಕ್ಕಿಗೆ ಎಲ್ಲಾ ಡ್ರೈವರ್" ಅಂತ ಜಾಹೀರಾತು ಬರುವ ಸಾಫ್ಟ್‌ವೇರ್‌ಗಳಿಂದ ದೂರವಿರಿ. ಡ್ರೈವರ್ ಜೊತೆ ಬೇಡದ ನಾಲ್ಕು ಪ್ರೋಗ್ರಾಂ ತಂದು ಕೂರಿಸುತ್ತವೆ. ರೈತರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಮಾಡುವ ಮಷಿನ್ ಅದು. ಅದರಲ್ಲಿ ಗುರುತಿಲ್ಲದ ಪ್ರೋಗ್ರಾಂ ಇರಬಾರದು.

ಆ ತಂಗಿ ಫೋನ್ ಕಿವಿಗೆ ಹಿಡಿದೇ ಇದನ್ನೆಲ್ಲ ಮಾಡಿದಳು. ಕಪ್ಪಾಯ್ತು, ಬಂತು, ಮತ್ತೆ ಕಪ್ಪಾಯ್ತು ಅಂತ ಹೇಳುತ್ತಾ ಇದ್ದವಳು ಒಮ್ಮೆಲೇ, "ಅಣ್ಣಾ, ಐಕಾನ್ ಎಲ್ಲಾ ಸಣ್ಣ ಆಗಿ ಮೂಲಿಗಿ ಹೋದ್ವು!" ಅಂದಳು. ಅದೇ ಬೇಕಾಗಿದ್ದು.

ಇನ್ನೊಂದು ಮಾತು ನೇರವಾಗಿ ಹೇಳಬೇಕು. ಮಷಿನ್ ತೀರಾ ಹಳೆಯದಾದರೆ ಡ್ರೈವರೇ ಇರುವುದಿಲ್ಲ. ಜಿ41 ಚಿಪ್‌ಸೆಟ್‌ನ ಬೋರ್ಡ್‌ಗಳು ನಮ್ಮ ಕಡೆ ಇನ್ನೂ ಓಡುತ್ತಿವೆ. ಅವುಗಳ ಗ್ರಾಫಿಕ್ಸ್‌ಗೆ ಇಂಟೆಲ್ ವಿಂಡೋಸ್ 10ಕ್ಕೇ ಡ್ರೈವರ್ ಬಿಡಲಿಲ್ಲ, 11 ದೂರದ ಮಾತು. ಅಂಥ ಬೋರ್ಡ್‌ಗೆ ವಿಂಡೋಸ್ 11 ತುರುಕಿ ಪರದೆ ಜೊತೆ ಗುದ್ದಾಡುವ ಬದಲು ಲಿನಕ್ಸ್ ಹಾಕಿ. ಇಂಟೆಲ್ ಗ್ರಾಫಿಕ್ಸ್‌ನ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೇ ಇರುತ್ತದೆ, ಹಳೇ ಬೋರ್ಡ್‌ಗಳದ್ದೂ ಸೇರಿ.

ಕೇಬಲ್: ಹದಿನೈದು ಪಿನ್ನಿನ ಕಥೆ

ಕೆಲವು ವರ್ಷದ ಹಿಂದೆ ಒಂದು ರೈಸ್ ಮಿಲ್ಲಿನ ಆಫೀಸಿನ ಕಂಪ್ಯೂಟರ್ ಮೇಲೆ ನಾನು ಇಡೀ ದಿನ ಕಳೆದೆ. ಗುಮಾಸ್ತರಿಗೆ ಟ್ಯಾಲಿ ಸರಿಯಾಗಿ ಕಾಣುತ್ತಿರಲಿಲ್ಲ. ವಿಂಡೋಸ್ ಮೂರು ಸಲ ಹಾಕಿದೆ. ಮೂರು ಸಲವೂ 1024×768. ಡ್ರೈವರ್ ಸರಿಯಾಗಿಯೇ ಇತ್ತು. ಸಂಜೆ ಕೇಬಲ್ ಬಿಚ್ಚಿ ಟಾರ್ಚ್ ಹಾಕಿ ನೋಡಿದರೆ ಒಂದು ಪಿನ್ ಮಲಗಿತ್ತು. ಮತ್ತೆ ಫಾರ್ಮ್ಯಾಟ್ ಮಾಡಬೇಡಿ ಅಂತ ಮೊದಲೇ ಹೇಳಿದ್ದು ಆ ದಿನದ ನೆನಪಿನಿಂದ.

ಮಾನಿಟರ್ ತನ್ನ ಪರಿಚಯವನ್ನು ಕಂಪ್ಯೂಟರ್‌ಗೆ ಹೇಳುವ ಪದ್ಧತಿಗೆ ಇಡಿಐಡಿ ಎನ್ನುತ್ತಾರೆ. ವೆಸಾ ಸಂಸ್ಥೆ 1994ರಲ್ಲಿ ತಂದದ್ದು. ಮೂಲ ಪರಿಚಯ ಇರುವುದು ಬರೀ 128 ಬೈಟ್. ಅದರಲ್ಲಿ ಕಂಪನಿ ಯಾವುದು, ಪರದೆ ಎಷ್ಟು ಸೆಂಟಿಮೀಟರ್, ಯಾವ ರೆಸಲ್ಯೂಶನ್ ಸರಿ ಅನ್ನುವುದೆಲ್ಲ ಇರುತ್ತದೆ. ಕಂಪ್ಯೂಟರ್ ಅದನ್ನು ಓದಿಯೇ ಪಟ್ಟಿ ತಯಾರಿಸುತ್ತದೆ. ಓದಲು ಆಗದಿದ್ದರೆ ಯಾವ ಮಾನಿಟರ್‌ಗೂ ಅಪಾಯವಿಲ್ಲದ 1024×768ರಂಥ ಲೆಕ್ಕಕ್ಕೆ ನಿಲ್ಲುತ್ತದೆ.

ನೀಲಿ ತಲೆಯ ವಿಜಿಎ ಕೇಬಲ್‌ನಲ್ಲಿ ಈ ಪರಿಚಯಕ್ಕೆ ಎರಡು ಪಿನ್ ಮೀಸಲು, 12 ಮತ್ತು 15. ಬಣ್ಣ ಹೋಗುವ ಪಿನ್ ಬೇರೆ. ಅದಕ್ಕೇ ಈ ಎರಡರಲ್ಲಿ ಒಂದು ಕೆಟ್ಟರೂ ಚಿತ್ರ ಚೆನ್ನಾಗಿಯೇ ಬರುತ್ತದೆ. ಕೇಬಲ್ ಮೇಲೆ ಅನುಮಾನವೇ ಹುಟ್ಟುವುದಿಲ್ಲ. ಓಎಸ್ ಬದಲಿಸುವ ಮೊದಲು ಇದೇ ಕೇಬಲ್‌ನಲ್ಲಿ ಸರಿ ಬರುತ್ತಿತ್ತಲ್ಲ ಅಂತ ನೀವು ಕೇಳಬಹುದು. ಹಳೇ ವಿಂಡೋಸ್‌ನಲ್ಲಿ ಯಾರೋ ಎಂದೋ ಕೈಯಾರೆ ಹಾಕಿಟ್ಟ ಸೆಟ್ಟಿಂಗ್ ಉಳಿದಿರುತ್ತದೆ. ಫಾರ್ಮ್ಯಾಟ್ ಮಾಡಿದಾಗ ಅದು ಅಳಿಸಿತು. ಅಥವಾ ಸಿಪಿಯು ಹೊತ್ತು ತರುವಾಗ, ಮರಳಿ ಸಿಕ್ಕಿಸುವಾಗ ಪಿನ್ ಬಾಗಿತು.

ನೋಡುವುದು ಹೀಗೆ. ಮೊದಲು ಸಿಪಿಯು, ಮಾನಿಟರ್ ಎರಡನ್ನೂ ಸ್ವಿಚ್ ಬೋರ್ಡ್‌ನಲ್ಲೇ ಆಫ್ ಮಾಡಿ. ಕೇಬಲ್‌ನ ಎರಡು ಸ್ಕ್ರೂ ಸಡಿಲಿಸಿ ನೇರಕ್ಕೆ ಎಳೆಯಿರಿ, ಅಲ್ಲಾಡಿಸಬೇಡಿ. ಕೇಬಲ್ ತಲೆಯನ್ನು ನಿಮ್ಮ ಕಡೆ ತಿರುಗಿಸಿ, ಅಗಲದ ಬದಿ ಮೇಲೆ ಬರುವ ಹಾಗೆ ಹಿಡಿಯಿರಿ. ಐದೈದರ ಮೂರು ಸಾಲು ಕಾಣುತ್ತದೆ. ಕೆಳಗಿನ ಸಾಲಿನಲ್ಲಿ ಎಡದಿಂದ ಎರಡನೆಯದು 12, ಕೊನೆಯದು 15. ನಡುವಿನ ಸಾಲಿನಲ್ಲಿ ನಾಲ್ಕನೆಯದು, ಅಂದರೆ 9ನೇ ಪಿನ್, ಎಷ್ಟೋ ಕೇಬಲ್‌ಗಳಲ್ಲಿ ಇರುವುದೇ ಇಲ್ಲ. ಅದು ಮುರಿದದ್ದಲ್ಲ, ಬಿಟ್ಟದ್ದು. ಆ ಖಾಲಿ ಜಾಗ ನೋಡಿ ಒಳ್ಳೇ ಕೇಬಲ್ ಎಸೆಯಬೇಡಿ.

ಪಿನ್ ಬಾಗಿದ್ದರೆ ಇಕ್ಕಳ ಹಾಕಬೇಡಿ, ಮುರಿಯುತ್ತದೆ. ಸೀಸ ತೆಗೆದ ಪೆನ್ ಪೆನ್ಸಿಲ್‌ನ ತುದಿಯನ್ನು ಟೊಪ್ಪಿಗೆಯ ಹಾಗೆ ಪಿನ್ನಿಗೆ ಹಾಕಿ ನಿಧಾನಕ್ಕೆ ಎತ್ತಿ. ಒಂದೇ ಸಲಕ್ಕೆ ನೆಟ್ಟಗೆ ಮಾಡಲು ಹೋಗದೆ ಸ್ವಲ್ಪ ಸ್ವಲ್ಪವೇ ಎತ್ತಿ. ಮಿಲ್ಲಿನ ಕೇಬಲ್‌ನಲ್ಲಿ ಮಲಗಿದ್ದದ್ದು 12ನೆಯದು. ಎತ್ತಿ ಸಿಕ್ಕಿಸಿ ಕಂಪ್ಯೂಟರ್ ಆನ್ ಮಾಡಿದರೆ ಪರದೆ ತಾನಾಗಿಯೇ 1600×900ಕ್ಕೆ ಬಂತು.

ಪಿನ್ ಎಲ್ಲಾ ಸರಿಯಿದ್ದರೂ ಒಳಗಿನ ತಂತಿ ತುಂಡಾಗಿರಬಹುದು. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಆ ತಂತಿಯನ್ನೇ ಹಾಕಿರುವುದಿಲ್ಲ. ಪಕ್ಕದ ಅಂಗಡಿಯಿಂದ ಹತ್ತು ನಿಮಿಷಕ್ಕೆ ಒಂದು ಕೇಬಲ್ ಇಸ್ಕೊಂಡು ಹಾಕಿ ನೋಡುವುದೇ ಎಲ್ಲಕ್ಕಿಂತ ಚಲೋ ಪರೀಕ್ಷೆ. ನಡುವೆ ಎಚ್‌ಡಿಎಂಐನಿಂದ ವಿಜಿಎಗೆ ಕನ್ವರ್ಟರ್, ಸ್ಪ್ಲಿಟರ್ ಅಥವಾ ಎಕ್ಸ್‌ಟೆನ್ಶನ್ ಇದ್ದರೆ ಅದನ್ನು ತೆಗೆದು ನೇರ ಸಿಕ್ಕಿಸಿ ನೋಡಿ. ಮಾನಿಟರ್‌ನಲ್ಲೂ ಸಿಪಿಯುನಲ್ಲೂ ಎಚ್‌ಡಿಎಂಐ ಇದ್ದರೆ ವಿಜಿಎ ಬಿಟ್ಟು ಅದನ್ನೇ ಹಾಕಿಕೊಳ್ಳಿ.

ಸಿಪಿಯು ಹಿಂದೆ ಬಗ್ಗಿದಾಗ ಇದನ್ನೂ ನೋಡಿ. ಗ್ರಾಫಿಕ್ಸ್ ಕಾರ್ಡ್ ಬೇರೆ ಹಾಕಿಸಿದ್ದರೆ ಕೇಬಲ್ ಆ ಕಾರ್ಡ್‌ನ ಪೋರ್ಟ್‌ಗೆ ಇರಬೇಕು. ಕಾರ್ಡ್‌ನ ಪೋರ್ಟ್ ಕೆಳಗೆ ಅಡ್ಡಡ್ಡ ಇರುತ್ತದೆ. ಮೇಲೆ ಕೀಬೋರ್ಡ್, ಯುಎಸ್‌ಬಿ ಪಕ್ಕದಲ್ಲಿರುವುದು ಮದರ್‌ಬೋರ್ಡ್‌ನದ್ದು.

ಕೇಬಲ್ ಇವತ್ತೇ ಸಿಗುವುದಿಲ್ಲ ಅಂದರೆ ಡ್ರೈವರ್ ಜೊತೆ ಬಂದ ಇಂಟೆಲ್, ಎಎಂಡಿ ಅಥವಾ ಎನ್ವಿಡಿಯಾ ಸಾಫ್ಟ್‌ವೇರ್‌ನಲ್ಲಿ ಕಸ್ಟಮ್ ರೆಸಲ್ಯೂಶನ್ ಅಂತ ಹುಡುಕಿ. ಚೀಟಿಯ ನಂಬರ್ ಹಾಕಿ, ರಿಫ್ರೆಶ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗಬೇಕು ಅನ್ನುವ ಲೆಕ್ಕ) 60 ಇಡಿ. ಅದಕ್ಕಿಂತ ಜಾಸ್ತಿ ಬೇಡ.

ಪರದೆ ಕಪ್ಪಾಗಿ ಔಟ್ ಆಫ್ ರೇಂಜ್ ಅಂತ ಬಂದರೆ

ಮಾನಿಟರ್‌ನಿಂದ ಆಗದ ಲೆಕ್ಕ ಆರಿಸಿದ್ದೀರಿ. ಏನೂ ಒತ್ತದೆ ಸುಮ್ನೆ ಕಾಯಿರಿ. ಸೆಟ್ಟಿಂಗ್ಸ್‌ನಿಂದ ಬದಲಿಸಿದ್ದರೆ ಸ್ವಲ್ಪ ಹೊತ್ತಿಗೆ ವಿಂಡೋಸ್ ತಾನೇ ಹಿಂದಿನದಕ್ಕೆ ಹೋಗುತ್ತದೆ. ಹೋಗದಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮೂರೂ ಹಿಡಿದು ಬಿ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಶುರುವಾಗುತ್ತದೆ.

ಅದಕ್ಕೂ ಬಗ್ಗದಿದ್ದರೆ ಬೇರೆ ಮಾನಿಟರ್ ಅಥವಾ ಟಿವಿ ಸಿಕ್ಕಿಸಿ. ಲಾಗಿನ್ ಪರದೆಯಲ್ಲಿ ಪವರ್ ಐಕಾನ್ ಒತ್ತಿ, ಶಿಫ್ಟ್ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಶನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್. ಪಟ್ಟಿ ಬಂದಾಗ 3 ಒತ್ತಿ. ಅದು ಕಡಿಮೆ ರೆಸಲ್ಯೂಶನ್‌ನಲ್ಲಿ ತೆರೆಯುವ ದಾರಿ. ನಿಮ್ಮ ಮಾನಿಟರ್ ಮರಳಿ ಹಾಕಿ ಸರಿಯಾದ ನಂಬರ್ ಆರಿಸಿ.

ಲಿನಕ್ಸ್ ಮಿಂಟ್ ಹಾಕಿದವರಿಗೆ

ಇಲ್ಲೂ ಅದೇ ಎರಡು ಪ್ರಶ್ನೆ. ಡ್ರೈವರ್ ಕೆಲಸ ಮಾಡುತ್ತಿದೆಯಾ? ಮಾನಿಟರ್ ಪರಿಚಯ ತಲುಪಿದೆಯಾ? ಉತ್ತರ ಸಿಗುವ ಜಾಗ ಮಾತ್ರ ಬೇರೆ.

ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆರೆದು ಎಕ್ಸ್, ಆರ್, ಎ, ಎನ್, ಡಿ, ಆರ್ ಈ ಆರು ಇಂಗ್ಲಿಷ್ ಅಕ್ಷರಗಳನ್ನು ಸಣ್ಣಕ್ಷರದಲ್ಲಿ, ಗ್ಯಾಪ್ ಬಿಡದೆ ಟೈಪ್ ಮಾಡಿ ಎಂಟರ್ ಒತ್ತಿ. ಔಟ್‌ಪುಟ್ ಹೆಸರು ಡಿಫಾಲ್ಟ್ ಅಂತಲೋ ನನ್-1 ಅಂತಲೋ ಬಂದರೆ ಡ್ರೈವರ್ ಶುರುವಾಗಿಲ್ಲ. ವಿಜಿಎ-1, ಎಚ್‌ಡಿಎಂಐ-1 ಅಂತ ಪೋರ್ಟ್ ಹೆಸರು ಸರಿಯಾಗಿ ಬಂದು, ಪಟ್ಟಿ ಮಾತ್ರ 1024×768ಕ್ಕೇ ನಿಂತಿದ್ದರೆ ಕೇಬಲ್ ನೋಡಿ. ಪಟ್ಟಿಯಲ್ಲಿ ನಕ್ಷತ್ರದ ಗುರುತು ಈಗ ಇರುವ ಲೆಕ್ಕ, ಪ್ಲಸ್ ಗುರುತು ಮಾನಿಟರ್ ಬಯಸುವ ಲೆಕ್ಕ. ಎರಡೂ ಒಂದೇ ಸಾಲಿನಲ್ಲಿರಬೇಕು.

ಡ್ರೈವರ್ ಶುರುವಾಗದಿರಲು ಸಾಮಾನ್ಯ ಕಾರಣ ಒಂದಿದೆ. ಪೆನ್‌ಡ್ರೈವ್‌ನಿಂದ ಮಿಂಟ್ ಹಾಕುವಾಗ ಪರದೆ ಬರದಿದ್ದರೆ ಕಂಪ್ಯಾಟಿಬಿಲಿಟಿ ಮೋಡ್ ಆರಿಸುತ್ತೇವೆ. ಅದು ನೋಮೋಡ್‌ಸೆಟ್ ಅನ್ನುವ ಪದವನ್ನು ಸೇರಿಸಿ ಗ್ರಾಫಿಕ್ಸ್ ಡ್ರೈವರನ್ನು ತಡೆದಿರುತ್ತದೆ. ಹಾಕುವ ಹೊತ್ತಿಗೆ ಅದು ಉಪಕಾರ, ಆದರೆ ಕೆಲವೊಮ್ಮೆ ಹಾಕಿದ ಮೇಲೂ ಅಲ್ಲೇ ಉಳಿಯುತ್ತದೆ. ಫೈಲ್ ಸಿಸ್ಟಂನಲ್ಲಿ ಇಟಿಸಿ ಫೋಲ್ಡರ್, ಅದರೊಳಗೆ ಡಿಫಾಲ್ಟ್ ಫೋಲ್ಡರ್ ತೆರೆದು ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಓಪನ್ ಆ್ಯಸ್ ರೂಟ್ ಕೊಡಿ. ಗ್ರಬ್ ಅನ್ನುವ ಫೈಲ್ ತೆರೆದು ನೋಮೋಡ್‌ಸೆಟ್ ಪದವನ್ನಷ್ಟೇ ಅಳಿಸಿ. ಉದ್ಧರಣ ಚಿಹ್ನೆಗಳನ್ನು ಮುಟ್ಟಬೇಡಿ. ಸೇವ್ ಮಾಡಿ, ಟರ್ಮಿನಲ್‌ನಲ್ಲಿ ಸುಡೊ, ಒಂದು ಗ್ಯಾಪ್, ಅಪ್‌ಡೇಟ್-ಗ್ರಬ್ ಅಂತ ಇಂಗ್ಲಿಷಿನಲ್ಲಿ ಹೊಡೆದು ರೀಸ್ಟಾರ್ಟ್ ಮಾಡಿ. ಇಂಟೆಲ್, ಎಎಂಡಿ ಇದ್ದವರಿಗೆ ಇಷ್ಟೇ ಸಾಕು. ಎನ್ವಿಡಿಯಾ ಕಾರ್ಡ್ ಇದ್ದರೆ ಮಾತ್ರ ಈ ಪದ ಅಳಿಸುವ ಮೊದಲೇ ಮೆನುವಿನ ಡ್ರೈವರ್ ಮ್ಯಾನೇಜರ್‌ಗೆ ಹೋಗಿ ರೆಕಮೆಂಡೆಡ್ ಡ್ರೈವರ್ ಹಾಕಿಕೊಳ್ಳಿ. ಇಲ್ಲದಿದ್ದರೆ ಮತ್ತೆ ಕಪ್ಪು ಪರದೆ ಬರಬಹುದು.

ಟಿವಿಯನ್ನೇ ಮಾನಿಟರ್ ಮಾಡಿಕೊಂಡಿದ್ದರೆ

ನಾಲ್ಕೂ ಅಂಚು ಕತ್ತರಿಸಿ, ಟಾಸ್ಕ್‌ಬಾರ್ ಅರ್ಧ ಕಾಣುತ್ತದೆ ಅಲ್ವಾ? ಅದು ರೆಸಲ್ಯೂಶನ್ ತಪ್ಪಲ್ಲ. ಟಿವಿ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ತೋರಿಸುವ ಅಭ್ಯಾಸ ಅದು. ಕಂಪ್ಯೂಟರ್ ಮುಟ್ಟಬೇಡಿ. ಟಿವಿ ರಿಮೋಟ್‌ನಲ್ಲಿ ಪಿಕ್ಚರ್ ಸೈಜ್‌ಗೆ ಹೋಗಿ ಸ್ಕ್ರೀನ್ ಫಿಟ್ ಅಥವಾ ಜಸ್ಟ್ ಸ್ಕ್ಯಾನ್ ಆರಿಸಿ. ವಿಜಿಎ ಮಾನಿಟರ್‌ನಲ್ಲಿ ಚಿತ್ರ ಒಂದು ಬದಿಗೆ ಜರುಗಿದ್ದರೆ ಮಾನಿಟರ್‌ನ ಆಟೊ ಬಟನ್ ಒಮ್ಮೆ ಒತ್ತಿದರೆ ಸಾಕು.

ಮುಂದಿನ ಸಲ ಫಾರ್ಮ್ಯಾಟ್ ಮಾಡಿಸುವ ಮೊದಲು

ಹಳೇ ಓಎಸ್ ಇನ್ನೂ ಓಡುತ್ತಿರುವಾಗಲೇ ಫೋನ್‌ನಲ್ಲಿ ಮೂರು ಫೋಟೊ ತೆಗೆದಿಡಿ. ಡಿಸ್‌ಪ್ಲೇ ಸೆಟ್ಟಿಂಗ್ಸ್ ಪುಟದ್ದು ಒಂದು, ಡಿವೈಸ್ ಮ್ಯಾನೇಜರ್‌ನ ಆ ಎರಡು ಸಾಲಿನದ್ದು ಒಂದು, ಸಿಪಿಯು ಹಿಂದೆ ಕೇಬಲ್ ಸಿಕ್ಕಿಸಿದ ಪೋರ್ಟ್‌ನದ್ದು ಒಂದು. ಗ್ರಾಫಿಕ್ಸ್ ಮತ್ತು ಲ್ಯಾನ್ ಡ್ರೈವರ್ ಎರಡನ್ನೂ ಮೊದಲೇ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಓಎಸ್ ಹಾಕಿಕೊಡುವವರ ಅಂಗಡಿಯಲ್ಲಿ ಅವರ ಮಾನಿಟರ್‌ನಲ್ಲಿ ಎಲ್ಲಾ ಸರಿ ಕಾಣುತ್ತದೆ. ಆದ್ದರಿಂದ ದುಡ್ಡು ಕೊಡುವ ಮುಂಚೆ ಅಲ್ಲೇ ಡಿವೈಸ್ ಮ್ಯಾನೇಜರ್ ತೆರೆಸಿ ಮೊದಲ ಸಾಲು ನೋಡಿ ಬನ್ನಿ.

ಚೀಟಿಯಲ್ಲಿ ಬರೆದ ನಂಬರ್ ಎಸೆಯಬೇಡಿ. ಮಾನಿಟರ್ ಹಿಂದೆಯೇ ಅಂಟಿಸಿ. ಬಾಲ್ ಪೆನ್ನಿನಲ್ಲಿ ಬರೆದದ್ದು ನಮ್ಮ ಬೇಸಿಗೆಗೆ, ಧೂಳಿಗೆ ಮಾಸಿಹೋಗುತ್ತದೆ. ಕಪ್ಪು ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆದು ಮೇಲೆ ಸೆಲ್ಲೋಟೇಪ್ ಹಾಕಿ.